ಓದಿದವರಿಗೆ ಸಿಕ್ಕ ಕೂಲಿ

ನಾನು ಸ್ಟೀಮಿಟ್ ಎಂಬ ಜಾಲತಾಣ ಸೇರಿದ್ದು 2017ರ ಮಳೆಗಾಲದಲ್ಲಿ. ನೆಡ್ ಸ್ಕಾಟ್, ಡ್ಯಾನ್ ಲ್ಯಾರಿಮರ್ ಎಂಬಿಬ್ಬರು ಅಮೆರಿಕದಲ್ಲಿ ಅದನ್ನು ಶುರು ಮಾಡಿ ಆಗಲೇ ಒಂದು ವರ್ಷ ದಾಟಿತ್ತು. ಬರೆದರೆ ದುಡ್ಡು ಬರುವ ಜಾಗ ಎಂದೇ ಅದು ಹೆಸರಾಗಿತ್ತು. ಆಗ ಅಲ್ಲಿ ಜಾಹೀರಾತಿರಲಿಲ್ಲ, ಚಂದಾ ಇರಲಿಲ್ಲ, ಸಂಪಾದಕರೂ ಇರಲಿಲ್ಲ. ನೀವು ಬರೆದದ್ದನ್ನು ಮೆಚ್ಚಿದವರು ಮೇಲ್ಮುಖದ ಒಂದು ಬಾಣವನ್ನು ಒತ್ತುತ್ತಾರೆ, ಬರಹದ ಕೆಳಗೆ ಡಾಲರ್ ಲೆಕ್ಕದ ಅಂಕಿಯೊಂದು ಏರುತ್ತದೆ, ಏಳು ದಿನ ತುಂಬಿದಾಗ ಅದು ನಿಮ್ಮ ಖಾತೆಗೆ ಬೀಳುತ್ತದೆ. ಆ ದುಡ್ಡು ಯಾರ ಜೇಬಿನಿಂದಲೂ ಬರುವುದಲ್ಲ. ಸ್ಟೀಮ್ ಎಂಬ ನಾಣ್ಯವನ್ನು ಆ ವ್ಯವಸ್ಥೆಯೇ ದಿನವೂ ಹೊಸದಾಗಿ ಹುಟ್ಟಿಸುತ್ತಿತ್ತು. ಹಾಗೆ ಹುಟ್ಟಿದ್ದರಲ್ಲಿ ಮುಕ್ಕಾಲು ಪಾಲು ಬರೆದವರಿಗೂ ಓದಿ ಮೆಚ್ಚಿದವರಿಗೂ ಹಂಚಿಕೆಯಾಗುತ್ತಿತ್ತು.

ಓದಿ ಮೆಚ್ಚಿದವರಿಗೂ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಹೇಳಹೊರಟಿರುವುದೆಲ್ಲ ಅದರ ಸುತ್ತಲೇ ಇದೆ.

ನಾನು ವಾರಪತ್ರಿಕೆಗಳ ಕಾಲದವಳು. ಮೈಸೂರಿನಲ್ಲಿ ಕಾಲೇಜು ಓದುವಾಗ ಕತೆ ಬರೆದು, ಫುಲ್‌ಸ್ಕೇಪ್ ಹಾಳೆಯ ಒಂದೇ ಮಗ್ಗುಲಲ್ಲಿ ಶುದ್ಧಪ್ರತಿ ಮಾಡಿ, ಸ್ವವಿಳಾಸದ ಲಕೋಟೆಗೆ ಅಂಚೆಚೀಟಿ ಹಚ್ಚಿ ಜೊತೆಗಿಟ್ಟು ಕಳಿಸುತ್ತಿದ್ದೆವು. ತಿಂಗಳುಗಟ್ಟಲೆ ಕಾದ ಮೇಲೆ ಆ ಲಕೋಟೆಯೇ ವಿಷಾದ ಪತ್ರವನ್ನು ಹೊತ್ತು ವಾಪಸು ಬರುತ್ತಿತ್ತು. ಅಪರೂಪಕ್ಕೆ ಕತೆ ಅಚ್ಚಾಗಿ, ಸಂಭಾವನೆಯ ಮನಿಯಾರ್ಡರ್ ಬರುತ್ತಿತ್ತು. ಮೊತ್ತ ಸಣ್ಣದು. ಆದರೂ ಬರಹಕ್ಕೆ ಕೂಲಿಯಿದೆ, ಅದನ್ನು ಕೇಳುವುದು ಅವಮಾನವಲ್ಲ ಎಂಬುದನ್ನು ನಾನು ಕಲಿತದ್ದು ಆ ಮನಿಯಾರ್ಡರಿನಿಂದಲೇ. ಆಮೇಲೆ ಅನುವಾದವನ್ನೇ ಕಸುಬು ಮಾಡಿಕೊಂಡೆ. ಸಾಹಿತ್ಯಕ್ಕೆ ದುಡ್ಡಿನ ಸೋಂಕು ತಗಲಬಾರದು ಎಂದು ಭಾಷಣ ಮಾಡುವವರನ್ನು ಸಾಕಷ್ಟು ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಬೇರೆಲ್ಲಿಂದಲೋ ಬರುತ್ತಿರುತ್ತದೆ. ಹಾಗಾಗಿ ಬರೆದವರಿಗೆ ನೇರವಾಗಿ ಕೂಲಿ ಕೊಡುವ ಜಾಗವೊಂದು ಹುಟ್ಟಿದೆ ಎಂದಾಗ ನಾನು ಮನಸ್ಸಿಟ್ಟೇ ಅದರೊಳಗೆ ಹೋದೆ. ಇವತ್ತಿಗೂ ಆ ಆಸೆ ತಪ್ಪೆಂದು ನನಗನಿಸಿಲ್ಲ.

ಹೊಸಬರು ಮೊದಲು ತಮ್ಮ ಪರಿಚಯ ಬರೆಯಬೇಕಿತ್ತು. ಹೆಸರು ಮತ್ತು ತಾರೀಖು ಬರೆದ ಚೀಟಿಯನ್ನು ಎದೆಯ ಮುಂದೆ ಹಿಡಿದು ತೆಗೆಸಿಕೊಂಡ ಫೋಟೊ ಅದರ ಜೊತೆಗಿರುತ್ತಿತ್ತು. ಕಳ್ಳ ಖಾತೆಗಳನ್ನು ದೂರವಿಡಲು ಬೆಳೆದ ರೂಢಿ ಅದು. ನೈಜೀರಿಯಾದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಇಂಡೊನೇಷ್ಯಾದ ಆಚೆ ಎಂಬ ಪ್ರಾಂತದ ಕಾಫಿ ಅಂಗಡಿಯವರು, ಫಿಲಿಪ್ಪೀನ್ಸಿನ ದಾದಿಯರು, ವೆನೆಜುವೆಲಾದ ಮೇಷ್ಟರುಗಳು, ಕೇರಳದ ಹುಡುಗರು ಎಲ್ಲರೂ ಹೀಗೆ ಚೀಟಿ ಹಿಡಿದು ನಗುತ್ತ ನಿಂತಿರುತ್ತಿದ್ದರು. ಆ ಮುಖಗಳನ್ನು ನೋಡುವುದೇ ನನಗೆ ಒಂದು ಸಂತೋಷವಾಗಿತ್ತು. ಪರಿಚಯದ ಬರಹಕ್ಕೆ ಸಾಮಾನ್ಯವಾಗಿ ಒಳ್ಳೆಯ ಸ್ವಾಗತವೂ ಕೆಲವು ಡಾಲರೂ ಸಿಗುತ್ತಿದ್ದವು. ಎರಡನೆಯ ಬರಹಕ್ಕೆ ಸಿಗುತ್ತಿರಲಿಲ್ಲ. ಮೊದಲ ದಿನ ಸುತ್ತ ನೆರೆದವರೆಲ್ಲ ಮರುದಿನ ಎಲ್ಲಿ ಹೋದರು ಎಂದು ಹೊಸಬರು ಕೇಳುತ್ತಿದ್ದರು. ಅಲ್ಲಿಯ ಲೆಕ್ಕ ತಿಳಿಯದೆ ಅದಕ್ಕೆ ಉತ್ತರ ಹೇಳುವಂತಿರಲಿಲ್ಲ.

ಆ ಲೆಕ್ಕ ಹೀಗಿತ್ತು. ಒಬ್ಬರಿಗೆ ಒಂದು ವೋಟು ಎಂಬುದು ಅಲ್ಲಿಲ್ಲ. ನಿಮ್ಮ ಬಳಿ ಎಷ್ಟು ಸ್ಟೀಮ್ ಪವರ್ ಇದೆಯೋ ಅಷ್ಟು ನಿಮ್ಮ ವೋಟಿನ ತೂಕ. ಪವರ್ ಎಂದರೆ ಹಿಂತೆಗೆಯದೆ ಒಳಗೇ ಹೂಡಿಟ್ಟ ನಾಣ್ಯ. ಅದನ್ನು ಬಿಡಿಸಿಕೊಳ್ಳಲು ವಾರಕ್ಕೆ ಒಂದು ಪಾಲಿನಂತೆ ಹದಿಮೂರು ವಾರ ಹಿಡಿಯುತ್ತಿತ್ತು. 2017ರ ಜೂನ್‌ವರೆಗೆ ಈ ತೂಕವನ್ನು ವರ್ಗ ಮಾಡಿ ಲೆಕ್ಕ ಹಾಕುತ್ತಿದ್ದರು. ಹತ್ತು ಪಟ್ಟು ನಾಣ್ಯವಿದ್ದವರ ಮಾತಿಗೆ ನೂರು ಪಟ್ಟು ಬೆಲೆ ಬರುತ್ತಿತ್ತು. ನಾನು ಸೇರುವ ಹೊತ್ತಿಗೆ ಅದನ್ನು ಬದಲಿಸಿ ನೇರ ಲೆಕ್ಕ ತಂದಿದ್ದರು. ಆದರೂ ಶುರುವಿನ ದಿನಗಳಲ್ಲಿ ಕೂಡಿಟ್ಟವರು ಬೆಟ್ಟದಷ್ಟು ಎತ್ತರದಲ್ಲಿದ್ದರು. ಅವರನ್ನು ಎಲ್ಲರೂ ತಿಮಿಂಗಿಲ ಎನ್ನುತ್ತಿದ್ದರು, ಅವರ ಕೆಳಗಿನವರು ಡಾಲ್ಫಿನ್, ನಮ್ಮಂಥವರು ಚಿಕ್ಕಮೀನು. ತಿಮಿಂಗಿಲವೊಂದು ಒತ್ತಿದ ಒಂದೇ ವೋಟು 2018ರ ಜನವರಿಯ ಏರುಬೆಲೆಯಲ್ಲಿ ನೂರು ಡಾಲರ್ ದಾಟುತ್ತಿತ್ತು. ಹೊಸಬ ಒತ್ತಿದರೆ ಅಂಕಿ ಅಲುಗುತ್ತಲೇ ಇರಲಿಲ್ಲ. ಅವನು ಮೆಚ್ಚಿದ್ದು ಸೆಂಟಿನ ಲೆಕ್ಕಕ್ಕೂ ಬರುತ್ತಿರಲಿಲ್ಲ. ಬರಹವೊಂದಕ್ಕೆ ಎರಡು ಸೆಂಟಿನೊಳಗೆ ಬಂದರೆ ಅದನ್ನು ಕೊಡುತ್ತಲೂ ಇರಲಿಲ್ಲ.

ಇನ್ನೊಂದು ಸಂಗತಿ ಹೊಸಬರಿಗೆ ತಡವಾಗಿ ತಿಳಿಯುತ್ತಿತ್ತು. ದಿನದ ಹಂಚಿಕೆಗೆ ಇದ್ದದ್ದು ಒಂದೇ ಗಂಟು. ಯಾರಿಗೆ ಹೆಚ್ಚು ಹೋದರೂ ಉಳಿದ ಎಲ್ಲರ ಪಾಲಿನಿಂದ ಅಷ್ಟು ಕಡಿಮೆಯಾಗುತ್ತಿತ್ತು. ಪಕ್ಕದವರ ಗೆಲುವನ್ನು ಕಂಡು ಖುಷಿಪಡುವುದನ್ನೇ ಆ ಲೆಕ್ಕ ಕಷ್ಟ ಮಾಡಿಬಿಟ್ಟಿತ್ತು. ನಾವು ವಾರಪತ್ರಿಕೆಗೆ ಬರೆಯುತ್ತಿದ್ದಾಗಲೂ ಪುಟಗಳು ಇಷ್ಟೇ ಎಂಬ ಮಿತಿಯಿತ್ತು ನಿಜ. ಆದರೆ ನಮ್ಮ ಗೆಳತಿಯ ಕತೆ ಬಂದ ವಾರ ನಮ್ಮ ಮನಿಯಾರ್ಡರಿನ ಮೊತ್ತ ಇಳಿಯುತ್ತಿರಲಿಲ್ಲ.

ಇಷ್ಟನ್ನೆಲ್ಲ ಸಹಿಸಬಹುದಿತ್ತು ಎಂದೇ ಈಗಲೂ ಅನ್ನಿಸುತ್ತದೆ. ಉಳ್ಳವರ ಮಾತು ಹೆಚ್ಚು ನಡೆಯುವುದು ಲೋಕದಲ್ಲಿ ಹೊಸತಲ್ಲ. ಅರಮನೆಯ ಕಾಲದಿಂದಲೂ ಬರಹಗಾರರು ಅದನ್ನು ಕಂಡಿದ್ದಾರೆ. ಹೊಸತಾಗಿದ್ದದ್ದು ಓದುಗನಿಗೆ ಕೊಡುತ್ತಿದ್ದ ಕೂಲಿ. ಬರಹಕ್ಕೆ ಬಂದ ಮೊತ್ತದಲ್ಲಿ ಶೇ. 25 ವೋಟು ಹಾಕಿದವರಿಗೆ ಹೋಗುತ್ತಿತ್ತು. ಮೊದಲು ಹಾಕಿದವರಿಗೆ ಹೆಚ್ಚು, ಆಮೇಲೆ ಬಂದವರಿಗೆ ಕಡಿಮೆ. ಕಟ್ಟಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಒಳ್ಳೆಯ ಬರಹವನ್ನು ಎಲ್ಲರಿಗಿಂತ ಮುಂಚೆ ಗುರುತಿಸುವುದೂ ಒಂದು ಕೆಲಸ, ಅದಕ್ಕೂ ಸಂಬಳ ಇರಲಿ ಎಂದು ಅವರು ಯೋಚಿಸಿದ್ದರು. ಪತ್ರಿಕೆಯ ಉಪಸಂಪಾದಕರು ಮಾಡುವ ಕೆಲಸವನ್ನು ಸಾವಿರಾರು ಓದುಗರಿಗೆ ಹಂಚುವ ಆಲೋಚನೆ. ಕಾಗದದ ಮೇಲೆ ಅದನ್ನು ಓದಿದಾಗ ನನಗೂ ಹಿಡಿಸಿತ್ತು.

ಆದರೆ ನಡೆದದ್ದೇ ಬೇರೆ. ತೀರಾ ಬೇಗ ಒತ್ತುವವರನ್ನು ತಡೆಯಲು ಮೊದಲ ಅರ್ಧಗಂಟೆಯಲ್ಲಿ ಬಿದ್ದ ವೋಟಿಗೆ ಪಾಲು ಕಡಿತ ಎಂಬ ನಿಯಮವಿತ್ತು. ಅರ್ಧಗಂಟೆ ಕಳೆದ ಮೇಲೂ ಕಾದರೆ ಬೇರೆಯವರು ಮುಂದೆ ನಿಂತುಬಿಡುತ್ತಾರೆ. ಹಾಗಾಗಿ ಸರಿಯಾದ ನಿಮಿಷಕ್ಕೆ ಒತ್ತುವುದು ಮುಖ್ಯವಾಯಿತು, ಅದನ್ನು ಮನುಷ್ಯರಿಗಿಂತ ಯಂತ್ರ ಚೆನ್ನಾಗಿ ಮಾಡುತ್ತದೆ. ಯಾವ ಲೇಖಕರಿಗೆ ಪ್ರತಿಸಲವೂ ಒಳ್ಳೆಯ ಮೊತ್ತ ಬರುತ್ತದೋ ಅವರ ಹೆಸರನ್ನು ಪಟ್ಟಿಗೆ ಸೇರಿಸಿ, ಅವರು ಬರೆದ ಇಷ್ಟು ನಿಮಿಷಕ್ಕೆ ನನ್ನ ವೋಟು ಬೀಳಲಿ ಎಂದು ಹೇಳಿಟ್ಟರೆ ಮುಗಿಯಿತು. ನಿದ್ದೆ ಮಾಡುತ್ತಿದ್ದರೂ ಪಾಲು ಬರುತ್ತದೆ. ಓದಬೇಕಾದ ಅಗತ್ಯವಿಲ್ಲ. ಓದಲು ಕೂತರೆ ನಷ್ಟವೇ, ಏಕೆಂದರೆ ಓದುವಷ್ಟರಲ್ಲಿ ಆ ನಿಮಿಷ ದಾಟಿರುತ್ತದೆ.

ನನ್ನ ಹೆಸರೂ ಯಾರದೋ ಅಂಥ ಪಟ್ಟಿಗೆ ಸೇರಿತ್ತು ಎಂಬುದು ನನಗೆ ಗೊತ್ತಾದದ್ದು ಬಿದ್ದ ವೋಟುಗಳ ಸಮಯವನ್ನು ನೋಡುತ್ತ ಹೋದಾಗ. ಎಲ್ಲವೂ ಆ ಅರ್ಧಗಂಟೆಯ ಆಸುಪಾಸಿನಲ್ಲೇ, ಅದೇ ಹೆಸರುಗಳು, ಅದೇ ಸರದಿ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ದಿನವೂ ತೊಳೆದು ಅರಿಶಿನ ಕುಂಕುಮ ಹಚ್ಚಿ ಹತ್ತುವ ಹೆಂಗಸರ ಬಗ್ಗೆ ವಾರವಿಡೀ ಕೂತು, ಅವರಲ್ಲಿ ಕೆಲವರನ್ನು ಮಾತಾಡಿಸಿ ಒಂದು ಬರಹ ಮಾಡಿದ್ದೆ. ಅದಕ್ಕೆ ಬಂದಷ್ಟೇ ಮೊತ್ತ ದೇವರಾಜ ಮಾರುಕಟ್ಟೆಯಲ್ಲಿ ತೆಗೆದ ಒಂದು ಫೋಟೊ ಮತ್ತು ಅದರ ಕೆಳಗಿನ ನಾಲ್ಕು ಸಾಲಿಗೂ ಬಂತು. ನನಗೆ ದುಡ್ಡಿನ ಬಗ್ಗೆ ದೂರಿರಲಿಲ್ಲ. ಎರಡನ್ನೂ ಯಾರೂ ಓದಿಲ್ಲ ಎಂಬುದಷ್ಟೇ ಮನಸ್ಸನ್ನು ಕುಟುಕಿತು. ವಿಷಾದ ಪತ್ರ ಕಳಿಸುತ್ತಿದ್ದ ಉಪಸಂಪಾದಕರು ನನ್ನ ಕತೆಯ ಒಂದು ಪುಟವನ್ನಾದರೂ ಓದಿರುತ್ತಿದ್ದರು. ಒಮ್ಮೆ ಅವರಲ್ಲೊಬ್ಬರು ಆ ಅಚ್ಚಾದ ಚೀಟಿಯ ಮೂಲೆಯಲ್ಲಿ ಪೆನ್ಸಿಲ್‌ನಿಂದ, ಅತ್ತೆಯ ಪಾತ್ರ ಚೆನ್ನಾಗಿದೆ, ಕೊನೆ ಅವಸರವಾಯಿತು ಎಂದು ಬರೆದಿದ್ದರು. ಆ ಕೊನೆಯನ್ನು ತಿದ್ದಿ ಬರೆಯುತ್ತ ನಾನು ಕತೆ ಕಟ್ಟುವುದನ್ನು ಕಲಿತೆ. ಸ್ಟೀಮಿಟ್‌ನಲ್ಲಿ ನನಗೆ ಹಣ ಬಂತು. ಆ ಪೆನ್ಸಿಲ್ ಗುರುತು ಮಾತ್ರ ಬರಲಿಲ್ಲ.

ಹಾಗೆಂದು ಅಲ್ಲಿ ಓದುವವರೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಸಬರ ಬರಹಗಳನ್ನು ಕೈಯಾರೆ ಹುಡುಕಿ, ಓದಿ, ದೊಡ್ಡ ಪವರ್ ಇದ್ದವರ ಗಮನಕ್ಕೆ ತರುವ ಗುಂಪುಗಳಿದ್ದವು. ಕ್ಯೂರಿ ಎಂಬುದು ಅವುಗಳಲ್ಲಿ ಹೆಸರಾದದ್ದು. ಯಾರಿಗೂ ಗೊತ್ತಿಲ್ಲದ ಲೇಖಕನಿಗೆ ಇದ್ದಕ್ಕಿದ್ದಂತೆ ಹತ್ತಾರು ಡಾಲರ್ ಬಂದು ಬಿದ್ದರೆ, ಕ್ಯೂರಿಯವರ ಕಣ್ಣಿಗೆ ಬಿದ್ದಿದ್ದಾನೆ ಎಂದು ಎಲ್ಲರೂ ತಿಳಿಯುತ್ತಿದ್ದರು. ಬರಹ ಕದ್ದದ್ದೋ ಎಂದು ಹುಡುಕಿ ಹೇಳುವ ಚೀಟಾ ಎಂಬ ಯಂತ್ರವೂ ಇತ್ತು, ಅದರ ಹಿಂದೆ ಕೂತು ಪರಿಶೀಲಿಸುವ ಮನುಷ್ಯರೂ ಇದ್ದರು. ಇವರೆಲ್ಲ ದುಡಿದದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಅಂಥದೇ ಒಂದು ಪುಟ್ಟ ಭಾರತೀಯ ಗುಂಪಿನಲ್ಲಿ ನಾನೂ ಕೆಲಸ ಮಾಡಿದೆ. ರಾತ್ರಿ ಅಡುಗೆಮನೆ ಮುಚ್ಚಿದ ಮೇಲೆ ಕೂತು ಹೊಸಬರ ಬರಹಗಳನ್ನು ಒಂದೊಂದಾಗಿ ಓದುತ್ತಿದ್ದೆ.

ಶಿಡ್ಲಘಟ್ಟದ ಹುಡುಗನೊಬ್ಬ ಸಿಕ್ಕಿದ್ದು ಹಾಗೆ. ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಓದುತ್ತಿದ್ದ. ಅವನ ಅಪ್ಪ ಸಣ್ಣ ರೀಲರ್: ರೇಷ್ಮೆಗೂಡು ಕೊಂಡು ನೂಲು ಬಿಚ್ಚಿಸುವವರು. ಹುಡುಗ ಮೇಲೆ ಇಂಗ್ಲಿಷಿನಲ್ಲೂ ಕೆಳಗೆ ಕನ್ನಡದಲ್ಲೂ ಬರೆಯುತ್ತಿದ್ದ. ಅವನ ಪರಿಚಯದ ನಂತರದ ಮೊದಲ ಬರಹ ಗೂಡಿನ ಮಾರುಕಟ್ಟೆಯ ಮೇಲೆ. ಬೆಳಗ್ಗೆ ಲಾಟುಗಳಲ್ಲಿ ಸುರಿದ ಗೂಡಿನ ಮುಂದೆ ಅಪ್ಪ ಹೇಗೆ ನಿಲ್ಲುತ್ತಾರೆ, ಗೂಡೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದನ್ನು ಹೇಗೆ ಆಲಿಸುತ್ತಾರೆ, ಹೆಬ್ಬೆರಳಿನಲ್ಲಿ ಒತ್ತಿ ಗಟ್ಟಿ ನೋಡುವುದು, ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಳದ ಗೂಡನ್ನು ತೆಗೆಯುವುದು, ಅಷ್ಟಾದರೂ ಬೆಲೆ ಕೂಗುವ ಹೊತ್ತಿಗೆ ಅವರ ಮುಖದಲ್ಲಿ ಏಳುವ ಹೆದರಿಕೆ, ಎಲ್ಲವೂ ಅದರಲ್ಲಿತ್ತು. ಎರಡನೆಯದು ಹಿಪ್ಪುನೇರಳೆ ತೋಟದ ಕಡೆಯ ಚಿಕ್ಕಮ್ಮನ ಮನೆಯದು. ಹುಳುಗಳಿಗೆ ಜ್ವರ ಬಂದಾಗ ಮನೆಮಂದಿಯೆಲ್ಲ ದನಿ ತಗ್ಗಿಸುವುದನ್ನೂ, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ರಾತ್ರಿ ನೆಂಟರಿಷ್ಟರನ್ನು ಕೂಗಿ ಕರೆಯುವುದನ್ನೂ ಅವನು ಬರೆದಿದ್ದ. ಇಂಗ್ಲಿಷ್ ತೊಡರುತ್ತಿತ್ತು. ಕನ್ನಡ ನೀರಿನಂತೆ ಹರಿಯುತ್ತಿತ್ತು.

ಗೂಡಿನ ಬರಹಕ್ಕೆ ಕೆಲವು ಸೆಂಟು ಬಂತು. ನಮ್ಮ ಗುಂಪು ತನ್ನಲ್ಲಿದ್ದ ಅಷ್ಟಿಷ್ಟು ಪವರ್ ಎಲ್ಲ ಸುರಿದರೂ ಅದು ಡಾಲರ್ ಮುಟ್ಟಲಿಲ್ಲ. ದಿನಕ್ಕೆ ಹತ್ತು ಪೂರ್ಣ ವೋಟಷ್ಟೇ ಹಾಕಬಹುದಾಗಿತ್ತು, ಆಮೇಲೆ ಶಕ್ತಿ ಇಳಿಯುತ್ತಿತ್ತು. ನಮ್ಮ ಪಟ್ಟಿಯಲ್ಲಿ ಹತ್ತಕ್ಕಿಂತ ಎಷ್ಟೋ ಹೆಚ್ಚು ಹೊಸಬರು ಕಾಯುತ್ತಿದ್ದರು. ಅವನ ಕನ್ನಡ ಭಾಗವನ್ನು ಓದಬಲ್ಲವರು ನಾವು ನಾಲ್ಕಾರು ಜನ. ನಾವು ಯಾರೂ ತಿಮಿಂಗಿಲವಲ್ಲ.

ಭಾಷೆಯ ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟೀಮಿಟ್‌ನಲ್ಲಿ ಕೊರಿಯನ್ ಬರಹಗಾರರು ತಮ್ಮ ಭಾಷೆಯಲ್ಲೇ ಬರೆದು ಚೆನ್ನಾಗಿ ಗಳಿಸುತ್ತಿದ್ದರು. ಚೀನೀ ಭಾಷೆಯವರಿಗೂ ಗಟ್ಟಿಯಾದ ಬಳಗವಿತ್ತು. ಕೊರಿಯನ್ನರಲ್ಲಿ ಸ್ಟೀಮ್ ನಾಣ್ಯ ಕೊಂಡ ದೊಡ್ಡ ಹೂಡಿಕೆದಾರರಿದ್ದರು, ಅವರು ತಮ್ಮ ನುಡಿಯ ಬರಹಗಳಿಗೆ ವೋಟು ಹಾಕುತ್ತಿದ್ದರು. ಹಾಗಾಗಿ ಅಲ್ಲಿ ಒಂದು ಭಾಷೆಯ ಬೆಲೆ ಅದನ್ನಾಡುವ ಜನಸಂಖ್ಯೆಯಿಂದ ನಿಂತಿರಲಿಲ್ಲ, ಸಾಹಿತ್ಯದ ಪರಂಪರೆಯಿಂದಲೂ ಅಲ್ಲ. ಆ ಭಾಷೆ ಓದಬಲ್ಲವರು ಎಷ್ಟು ನಾಣ್ಯ ಕೊಂಡಿಟ್ಟಿದ್ದಾರೆ ಎಂಬುದರಿಂದ ನಿಂತಿತ್ತು. ನಾಲ್ಕು ಕೋಟಿಗೂ ಮೀರಿ ಜನರಾಡುವ ಕನ್ನಡದ ಬೆಲೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ. ಕನ್ನಡದಲ್ಲೇ ಬರೆಯಬೇಕೆಂದು ಬಂದ ಹಲವರು ಮೊದಲು ಇಂಗ್ಲಿಷನ್ನು ಜೊತೆಗಿಟ್ಟರು, ಆಮೇಲೆ ಇಂಗ್ಲಿಷನ್ನು ಮೇಲಿಟ್ಟರು, ಕೊನೆಗೆ ಕನ್ನಡವನ್ನು ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಬರಹದ ಕೆಳಗಿನ ಅಂಕಿಯೇ ಹೇಳುತ್ತಿತ್ತು. ಒಳ್ಳೆಯ ಗದ್ಯ ಬರೆಯಬಲ್ಲ ಒಬ್ಬ ಹುಡುಗನ ಕೈಯಿಂದ ಅವನ ಭಾಷೆ ಹೀಗೆ ಜಾರಿಹೋಗುವುದನ್ನು ನೋಡುತ್ತ ನಾನು ಪಟ್ಟ ಸಂಕಟವನ್ನು ಇಂದಿಗೂ ಹಗುರವಾಗಿ ಹೇಳಲಾರೆ.

2017ರ ಡಿಸೆಂಬರ್‌ನಲ್ಲಿ ಅಲ್ಲಿಯದೇ ಆದ ಡಾಲರ್ ನಾಣ್ಯಕ್ಕೆ ಹೊರಗಿನ ಮಾರುಕಟ್ಟೆಯಲ್ಲಿ ಹತ್ತು ಅಮೆರಿಕನ್ ಡಾಲರಿಗೂ ಮೀರಿ ಬೆಲೆ ಬಂತು. ಅಮೆರಿಕನ್ ಡಾಲರಿಗೆ ಒಂದಕ್ಕೆ ಒಂದರಂತೆ ಇರಬೇಕಾದ ನಾಣ್ಯ ಅದು. ಜನ ಪ್ರವಾಹದಂತೆ ಬಂದರು. ಆಗ ಹೆಚ್ಚಿದ್ದು ಬಾಡಿಗೆ ವೋಟಿನ ಯಂತ್ರಗಳು. ನೀವು ಇಷ್ಟು ನಾಣ್ಯ ಕಳಿಸಿ, ಜೊತೆಗೆ ಬರಹದ ಕೊಂಡಿ ಕಳಿಸಿ, ಆ ಯಂತ್ರ ನಿಮಗೆ ಅದಕ್ಕಿಂತ ತುಸು ಹೆಚ್ಚು ಬೆಲೆಯ ವೋಟು ಹಾಕುತ್ತದೆ. ಆ ಯಂತ್ರದ ಪವರ್ ಬಂದದ್ದು ದೊಡ್ಡ ಹೂಡಿಕೆದಾರರಿಂದ. ತಮ್ಮ ತೂಕವನ್ನು ಯಂತ್ರಕ್ಕೆ ಬಾಡಿಗೆಗೆ ಕೊಟ್ಟು ಅವರು ದಿನದಿನವೂ ಪಾಲು ಪಡೆಯುತ್ತಿದ್ದರು. ಮುಖಪುಟದಲ್ಲಿ ಮೇಲಕ್ಕೇರಿದ ಬರಹಗಳು ಬಹುಪಾಲು ಹಾಗೆ ಕೊಂಡ ಎತ್ತರದಲ್ಲಿ ನಿಂತವು. ಹೊಸಬ ಬಂದು ಅವನ್ನು ನೋಡಿ, ಇಲ್ಲಿ ಜನಕ್ಕೆ ಇಂಥದು ಇಷ್ಟ ಎಂದು ತಿಳಿದು ಅದನ್ನೇ ಬರೆಯಲು ಹೋಗುತ್ತಿದ್ದ.

ನಮ್ಮ ಹುಡುಗನೂ ಬದಲಾದ. ಬಿಟ್‌ಕಾಯಿನ್ ಈ ವಾರ ಎತ್ತ ಹೋಗುತ್ತದೆ, ಬೆಳಗ್ಗೆ ಬೇಗ ಏಳುವವರ ಗುಟ್ಟು, ಗೆದ್ದವರ ಏಳು ಅಭ್ಯಾಸ, ಇಂಥವು ಬರತೊಡಗಿದವು. ಬೇರೆಯವರ ಬರಹದ ಕೆಳಗೆ, ಒಳ್ಳೆಯ ಬರಹ, ನನ್ನದನ್ನೂ ನೋಡಿ ಎಂದು ಅಂಟಿಸುತ್ತ ಹೋದ. ನಾನು ಫೋನ್ ಮಾಡಿದೆ.

"ಏನಪ್ಪ ಇದು, ಗೂಡಿನ ಕತೆ ಬಿಟ್ಟೇಬಿಟ್ಯಾ?"

"ಅಕ್ಕಾ, ಗೂಡಿಗೆ ಎಷ್ಟ್ ಬಂತು ನೀವೇ ನೋಡಿದ್ರಲ್ಲ. ಇದಕ್ಕೆ ನಾಲ್ಕು ಡಾಲರ್ ಬಂದೈತೆ. ಅಪ್ಪಂಗೆ ತೋರ್ಸಿದೆ."

"ಇದನ್ನ ಯಾರಾದ್ರೂ ಓದಿದಾರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಓದಿಲ್ಲ ಅಂತ ಗೊತ್ತು ಅಕ್ಕಾ. ನಮ್ಮಪ್ಪ ಗೂಡನ್ನ ಅಲ್ಲಾಡ್ಸಿ ಒತ್ತಿ ನೋಡೋದು ಯಾಕೆ? ನಾಳೆ ಅದ್ರಿಂದ ನೂಲು ತೆಗೀಬೇಕಾದೋರು ಅವರೇ. ಕೆಟ್ಟ ಗೂಡು ತಗಂಡ್ರೆ ಮನೆ ಮುಳುಗ್ತದೆ. ಇಲ್ಲಿ ವೋಟು ಹಾಕೋರಿಗೆ ನನ್ ಬರಹದಿಂದ ಏನೂ ತೆಗಿಯೋದಿಲ್ಲ. ಇನ್ನೊಬ್ರು ಹಾಕ್ತಾರಾ ಇಲ್ವಾ ಅಷ್ಟೇ ಅವ್ರ ಲೆಕ್ಕ."

ಅಷ್ಟು ದಿನ ನಾನು ಓದಿದ್ದ ಯಾವ ವಿಶ್ಲೇಷಣೆಯೂ ಇದನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ. ಗೂಡು ಕೊಳ್ಳುವವರಿಗೆ ಗೂಡು ಬೇಕು. ಓದುಗರಿಗೆ ಬರಹ ಬೇಕು. ಕತೆ ಓದಿದ ಓದುಗನಿಗೆ ಅದರಿಂದ ಸಿಗುವುದು ಆ ಕತೆಯೇ. ಅದು ಕೆಟ್ಟದಾದರೆ ಅವನ ಸಂಜೆ ಹಾಳು, ಹಾಗಾಗಿ ಅವನ ತೀರ್ಪಿಗೆ ತೂಕವಿದೆ. ಅವನ ಕೈಗೆ ಪಾಲು ಕೊಟ್ಟು, ಈ ಬರಹಕ್ಕೆ ಉಳಿದವರು ಎಷ್ಟು ಕೊಟ್ಟಾರು ಎಂದು ಊಹಿಸಲು ಕೂರಿಸಿದರೆ ಅವನು ಓದುಗನಾಗಿ ಉಳಿಯುವುದಿಲ್ಲ. ಹೊಸ ಬರಹಗಾರನಿಗೆ ಆಗುವ ನಷ್ಟ ಇಲ್ಲಿದೆ. ಹೆಸರಾದವರ ಮೇಲೆ ಊಹೆ ಕಟ್ಟುವುದು ಸುಲಭ, ಹೊಸಬರ ಮೇಲೆ ಕಟ್ಟಲು ಯಾರಿಗೂ ಧೈರ್ಯವಿಲ್ಲ. ಹೊಸಬನಿಗೆ ತಪ್ಪಿಹೋಗುವುದು ಬರೀ ದುಡ್ಡಲ್ಲ, ತನ್ನ ಬರಹ ಹೇಗಿದೆ ಎಂದು ತಿಳಿಯುವ ದಾರಿಯೇ ಅವನಿಗೆ ಮುಚ್ಚಿಹೋಗುತ್ತದೆ. ಕಡಿಮೆ ಬಂದಾಗ ಬರಹ ಕೆಟ್ಟದೆಂದು ನಂಬುತ್ತಾನೆ. ಹೆಚ್ಚು ಬಂದಾಗ ಒಳ್ಳೆಯದೆಂದು ನಂಬುತ್ತಾನೆ. ಎರಡೂ ನಿಜವಲ್ಲ.

ಏಳು ದಿನದ ನಿಯಮವೂ ಬರಹವನ್ನು ಬೇರೆ ಬಗೆಯಲ್ಲಿ ಹಾಳು ಮಾಡುತ್ತಿತ್ತು. ಎಂಟನೆಯ ದಿನ ಯಾರು ಮೆಚ್ಚಿದರೂ ಒಂದು ಕಾಸೂ ಬರುವುದಿಲ್ಲ. ಹಾಗಾಗಿ ಹಳೆಯದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ನಿಧಾನವಾಗಿ ಓದುಗರನ್ನು ಕೂಡಿಸಿಕೊಳ್ಳುವ ಬರಹಕ್ಕೆ ಅಲ್ಲಿ ಜಾಗವಿರಲಿಲ್ಲ. ದಿನವೂ ಬರೆಯುವವರಿಗೆ ಹೆಚ್ಚು, ತಿಂಗಳಿಗೊಂದು ಬರೆಯುವವರಿಗೆ ಕಡಿಮೆ. ತಿಂಗಳು ಹಿಡಿಯುವ ಬರಹಗಳೇ ಇರುತ್ತವಲ್ಲ, ಅವು ಬರುವುದು ನಿಂತಿತು.

ಇದರ ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ವೆನೆಜುವೆಲಾದ ಒಬ್ಬ ಶಿಕ್ಷಕಿ ನನಗೆ ಅಲ್ಲಿ ಪರಿಚಯವಾಗಿದ್ದರು. ಹಣದುಬ್ಬರದಿಂದ ಅವರ ದೇಶದ ಕನಿಷ್ಠ ವೇತನ ತಿಂಗಳಿಗೆ ಕೆಲವೇ ಡಾಲರಿಗೆ ಕುಸಿದಿದ್ದ ಕಾಲ. ವಾರಕ್ಕೆ ಸಿಗುವ ಎರಡು ಮೂರು ಡಾಲರಿನಲ್ಲಿ ಅವರು ಅಮ್ಮನ ರಕ್ತದೊತ್ತಡದ ಮಾತ್ರೆ ಕೊಳ್ಳುತ್ತಿದ್ದರು. ಅವರ ಬರಹ ಯಂತ್ರಗಳ ವೋಟಿನಿಂದ ಗಳಿಸಿತೋ ಮನುಷ್ಯರ ವೋಟಿನಿಂದಲೋ ಎಂದು ಕೇಳುವ ಹಕ್ಕು ನನಗಿಲ್ಲ. ಗಳಿಕೆ ಬೇಕಿದ್ದ ಜಾಗಕ್ಕೆ ತಲುಪಿತು. ಅಷ್ಟಾದರೂ ಅವರು ಒಮ್ಮೆ ಬರೆದ ಮಾತು ನೆನಪಿದೆ: ಮೊದಲೆಲ್ಲ ಕವಿತೆ ಬರೆಯುತ್ತಿದ್ದೆ, ಈಗ ಸ್ಪರ್ಧೆಗಳಿಗೆ ಮಾತ್ರ ಬರೆಯುತ್ತೇನೆ.

ನಮ್ಮ ಹುಡುಗನಿಗೆ ಆ ಭಾಗ್ಯವೂ ಪೂರ್ತಿ ಸಿಗಲಿಲ್ಲ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡುವುದನ್ನು ಮೂರು ತಿಂಗಳೊಳಗೆ ನಿಲ್ಲಿಸಬೇಕೆಂದು ಬ್ಯಾಂಕುಗಳಿಗೆ ಹೇಳಿತು. ನಾಣ್ಯವನ್ನು ರೂಪಾಯಿ ಮಾಡಿಕೊಳ್ಳುವ ದಾರಿ ಕಿರಿದಾಯಿತು. ಅದೇ ಹೊತ್ತಿಗೆ ಬೆಲೆಯೂ ಇಳಿಯುತ್ತಿತ್ತು. ಜನವರಿಯಲ್ಲಿ ಹಲವು ಡಾಲರ್ ಇದ್ದ ಸ್ಟೀಮ್ ವರ್ಷದ ಕೊನೆಗೆ ಕಾಲು ಡಾಲರಿನ ಆಸುಪಾಸಿಗೆ ಬಂತು. ನವೆಂಬರ್‌ನಲ್ಲಿ ಸ್ಟೀಮಿಟ್ ಕಂಪನಿ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 70 ಮಂದಿಯನ್ನು ಕೈಬಿಟ್ಟಿತು. ಹುಡುಗ ಲ್ಯಾಪ್‌ಟಾಪ್ ಕೊಳ್ಳುವ ಲೆಕ್ಕ ಹಾಕಿಕೊಂಡಿದ್ದ. ಅದಕ್ಕೆ ಕೂಡಿಟ್ಟದ್ದು ಅವನ ಖಾತೆಯಲ್ಲೇ ಕರಗಿತು. ಬರೆಯುವುದನ್ನೂ ನಿಲ್ಲಿಸಿದ. ಗೆದ್ದವರ ಅಭ್ಯಾಸಗಳ ಬಗ್ಗೆ ಬರೆಯುವುದನ್ನು ನಿಲ್ಲಿಸಿದ್ದಕ್ಕೆ ನನಗೆ ನೋವಾಗಲಿಲ್ಲ, ಗೂಡಿನ ಬಗ್ಗೆ ಬರೆಯುವುದನ್ನೂ ನಿಲ್ಲಿಸಿದನಲ್ಲ ಎಂದು ನೋವಾಯಿತು. ಮೊದಲಿಂದಲೂ ದುಡ್ಡಿಲ್ಲದೆ ಬರೆಯುತ್ತಿದ್ದ ಹುಡುಗ, ದುಡ್ಡು ಬಂದು ಹೋದ ಮೇಲೆ ದುಡ್ಡಿಲ್ಲದೆ ಬರೆಯಲಾರದವನಾದ. ಅವನೊಬ್ಬನಲ್ಲ, ನಮ್ಮ ಪಟ್ಟಿಯಲ್ಲಿದ್ದ ಬಹಳ ಜನ ಹಾಗೆ ಮೌನವಾದರು.

2019ರ ಆಗಸ್ಟ್‌ನಲ್ಲಿ ನಿಯಮಗಳನ್ನು ಮತ್ತೆ ತಿದ್ದಿದರು. ವೋಟು ಹಾಕಿದವರ ಪಾಲನ್ನು ಶೇ. 25ರಿಂದ 50ಕ್ಕೆ ಏರಿಸಿದರು. ಕೈಯಾರೆ ಓದಿ ವೋಟು ಹಾಕಿದರೂ ಲಾಭವಿದೆ ಎಂದಾದರೆ ದೊಡ್ಡವರು ಬಾಡಿಗೆ ಯಂತ್ರಗಳನ್ನು ಬಿಟ್ಟು ಓದಲು ಬರುತ್ತಾರೆ ಎಂಬುದು ಅದರ ಹಿಂದಿನ ವಾದ. ಕೆಳಮುಖದ ವೋಟಿಗೂ ಬೇರೆ ಶಕ್ತಿ ಕೊಟ್ಟರು, ಕೊಂಡ ಎತ್ತರದಲ್ಲಿದ್ದ ಬರಹಗಳನ್ನು ಕೆಳಗಿಳಿಸಲೆಂದು. ಬಾಡಿಗೆ ಯಂತ್ರಗಳು ಬಹಳಷ್ಟು ಮುಚ್ಚಿದವು ಎಂಬುದು ನಿಜ. ಮುಖಪುಟ ಮೊದಲಿಗಿಂತ ಸ್ವಚ್ಛವಾಯಿತು ಎಂಬುದೂ ನಿಜ. ಆದರೆ ಬರೆದವರ ಪಾಲು ಮುಕ್ಕಾಲಿನಿಂದ ಅರ್ಧಕ್ಕೆ ಇಳಿಯಿತು. ಓದುಗನಿಗೆ ಕೂಲಿ ಕೊಟ್ಟು ಕೆಟ್ಟದ್ದನ್ನು ಇನ್ನಷ್ಟು ಕೂಲಿ ಕೊಟ್ಟು ಸರಿಪಡಿಸಲು ಹೊರಟಿದ್ದಾರೆ ಎಂದು ನಾನು ಆಗಲೇ ಗೆಳೆಯರಿಗೆ ಬರೆದಿದ್ದೆ. ನನ್ನ ಆ ಅಭಿಪ್ರಾಯ ಬದಲಾಗಿಲ್ಲ.

ಅಲ್ಲಿಂದಾಚೆಯದು ಬೇರೆಯೇ ಜಗಳ, ಚುಟುಕಾಗಿ ಹೇಳುತ್ತೇನೆ. 2020ರ ಫೆಬ್ರವರಿಯಲ್ಲಿ ಟ್ರಾನ್ ನಾಣ್ಯದ ಜಸ್ಟಿನ್ ಸನ್ ಆ ಕಂಪನಿಯನ್ನು ಕೊಂಡರು. ಮಾರ್ಚ್ ಮೊದಲ ವಾರದಲ್ಲಿ ಯಾರ ಹಿಡಿತ ಎಂಬ ಹೋರಾಟಕ್ಕೆ ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇಟ್ಟಿದ್ದ ನಾಣ್ಯಗಳ ತೂಕವೂ ಬಳಕೆಯಾಯಿತು. ಮಾರ್ಚ್ 20ರಂದು ಹಳೆಯ ಬಳಕೆದಾರರ ದೊಡ್ಡ ಪಾಲು ಹೈವ್ ಎಂಬ ಬೇರೆ ಬ್ಲಾಕ್‌ಚೈನ್ ಕಟ್ಟಿಕೊಂಡು ಹೊರಬಂತು. ಅದೇ ಮಾರ್ಚ್ 4ರಂದು ನಮ್ಮ ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಮನೆ ಎರಡಾಗಿತ್ತು. ನಮ್ಮ ಗುಂಪಿನವರು ಒಬ್ಬೊಬ್ಬರಾಗಿ ಬೇರೆ ಕೆಲಸಗಳಿಗೆ ಹೋಗಿದ್ದರು.

ಬೇರೆ ಕಡೆಗಳಲ್ಲೂ ಅಳತೆಗೋಲು ಬದಲಾಗುತ್ತಲೇ ಇತ್ತು. ಮೀಡಿಯಂ ಎಂಬ ಬರಹತಾಣ 2017ರಲ್ಲಿ ಓದುಗರ ಚಪ್ಪಾಳೆ ಎಣಿಸತೊಡಗಿತು. 2019ರ ಅಕ್ಟೋಬರ್‌ನಲ್ಲಿ ಅದನ್ನು ಬಿಟ್ಟು ಚಂದಾದಾರರು ಓದಿದ ಸಮಯವನ್ನು ಅಳೆದು ಲೇಖಕರಿಗೆ ಹಣ ಕೊಡತೊಡಗಿತು. ನನಗೆ ಅದು ಒಂದು ಹೆಜ್ಜೆ ಮುಂದೆ ಎನಿಸಿತ್ತು. ಅಲ್ಲಿ ಓದುಗ ದುಡ್ಡು ಕೊಡುವವನು, ಪಡೆಯುವವನಲ್ಲ. ಬೆಂಗಳೂರಿನಲ್ಲೇ ನೆಲೆಯಿರುವ ಪ್ರತಿಲಿಪಿ ಎಂಬ ತಾಣದಲ್ಲಿ ಕನ್ನಡ ಕತೆಗಳನ್ನು ಬರೆಯುವ ಗೃಹಿಣಿಯರ, ಅಂಗನವಾಡಿ ಕಾರ್ಯಕರ್ತೆಯರ ಧಾರಾವಾಹಿಗಳನ್ನು ಈಚೆಗೆ ಓದುತ್ತಿರುತ್ತೇನೆ. ಅಲ್ಲಿಯೂ ಎಣಿಕೆಗಳಿವೆ. ಹಿಂಬಾಲಕರು, ನಕ್ಷತ್ರ, ನಾಣ್ಯ ಎಲ್ಲ ಇವೆ, ಅವುಗಳ ಹಿಂದೆ ಓಡುವವರೂ ಇದ್ದಾರೆ. ಆದರೆ ಕಂತಿನ ಕೆಳಗೆ, ಆ ಅತ್ತಿಗೆ ಹಾಗೆ ಮಾತಾಡಬಾರದಿತ್ತು, ಮುಂದಿನ ಕಂತು ಬೇಗ ಹಾಕಿ ಎಂದು ಬೈಯುವವರನ್ನು ಕಂಡಾಗ ನನಗೆ ನೆಮ್ಮದಿಯಾಗುತ್ತದೆ. ಆ ಬೈಗುಳ ಬರೆಯಲು ಕಂತನ್ನು ಓದಿರಬೇಕು.

ಶಿಡ್ಲಘಟ್ಟದ ಹುಡುಗ ಈಗ ಹುಡುಗನಲ್ಲ, ಅಪ್ಪನ ಜೊತೆ ರೀಲಿಂಗ್ ನೋಡಿಕೊಳ್ಳುತ್ತಾನೆ. ಹೋದ ವರ್ಷ ಇದ್ದಕ್ಕಿದ್ದಂತೆ ಫೋನ್ ಮಾಡಿ, ಗೂಡಿನ ಮಾರುಕಟ್ಟೆಯ ಬರಹವನ್ನು ಕನ್ನಡದಲ್ಲೇ ಹೊಸದಾಗಿ ಬರೆದಿದ್ದೇನೆ ಅಕ್ಕಾ, ಯಾವುದಾದರೂ ಪತ್ರಿಕೆಗೆ ಕಳಿಸಬೇಕು ಎಂದ. ತರಿಸಿಕೊಂಡು ಓದಿದೆ. ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ ಬೆರಳು ಬಿಳಿಚಿಕೊಂಡ ಹೆಂಗಸರ ಒಂದು ಭಾಗ ಹೊಸದಾಗಿ ಸೇರಿದೆ, ಅದು ಹಳೆಯದೆಲ್ಲಕ್ಕಿಂತ ಚೆನ್ನಾಗಿದೆ. ಸಂಭಾವನೆ ಕೇಳಬಹುದಾ, ಬೇಜಾರು ಮಾಡಿಕೊಳ್ಳುತ್ತಾರಾ ಎಂದು ಕೇಳಿದ. ಖಂಡಿತ ಕೇಳು, ಕಳಿಸುವ ಮೊದಲೇ ಕೇಳು ಎಂದೆ. ಒಂದು ಕಿಲೊ ನೂಲಿಗೆ ಎಷ್ಟು ಕಿಲೊ ಗೂಡು ಬೇಕು ಎಂಬ ರೆಂಡಿಟ ಲೆಕ್ಕಕ್ಕೆ ಅವನು ಎರಡು ಪುಟ ಕೊಟ್ಟಿದ್ದಾನೆ, ಹೊರಗಿನವರಿಗೆ ಅದು ಹಿಡಿಸುವುದಿಲ್ಲ, ಅರ್ಧ ಪುಟಕ್ಕೆ ಇಳಿಸು ಎಂದೂ ಹೇಳಿದೆ. ಆ ಲೆಕ್ಕದಲ್ಲೇ ನಮ್ಮ ಸಂಸಾರ ನಿಂತಿರೋದು, ಒಂದು ಸಾಲೂ ತೆಗೆಯಲ್ಲ ಎನ್ನುತ್ತಾನೆ. ಆ ವಾದ ಇನ್ನೂ ನಡೆಯುತ್ತಿದೆ.